ಎತ್ತಿನ ಕೈಯಲ್ಲಿ ಪಿಸ್ತೂಲಿಲ್ಲ

1800ರ ಏಪ್ರಿಲ್ ತಿಂಗಳಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಕೆಳಮನೆಯಲ್ಲಿ ಪುಟ್ಟದೊಂದು ಮಸೂದೆ ಎರಡೇ ಮತಗಳಿಂದ ಬಿದ್ದುಹೋಯಿತು. ಪರವಾಗಿ 41, ವಿರುದ್ಧವಾಗಿ 43. ಮಂಡಿಸಿದವನು ಸರ್ ವಿಲಿಯಂ ಪುಲ್ಟೆನಿ. ಗೂಳಿಯನ್ನು ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿಗಳನ್ನು ಛೂಬಿಡುವ ಆಟ ನಿಲ್ಲಬೇಕು ಎಂಬುದಷ್ಟೇ ಅವನ ಬೇಡಿಕೆ.

ಈ ಆಟ ಇಂಗ್ಲೆಂಡಿಗೆ ಶತಮಾನಗಳಷ್ಟು ಹಳೆಯದು. ಊರ ನಡುವಿನ ಬಯಲಿನಲ್ಲಿ ಗೂಳಿಯನ್ನು ಉದ್ದನೆಯ ಹಗ್ಗದಿಂದ ಕಟ್ಟುವರು. ನಾಯಿ ನೆಲಕ್ಕೆ ಅಂಟಿಕೊಂಡು ತೆವಳಿ ಹೋಗಿ ಗೂಳಿಯ ಮೂಗನ್ನು ಕಚ್ಚಿ ಹಿಡಿಯಬೇಕು; ಗೂಳಿ ಅದನ್ನು ಕೊಂಬಿನಿಂದ ಎತ್ತಿ ಎಸೆಯಬೇಕು. ನೋಡುವವರು ಬಾಜಿ ಕಟ್ಟುವರು. ಇಂದು ಮನೆಗಳಲ್ಲಿ ಮುದ್ದಿಗೆ ಸಾಕುವ ಬುಲ್‌ಡಾಗ್ ತಳಿಯ ಪೂರ್ವಜರು ಬೆಳೆದದ್ದು ಈ ಕೆಲಸಕ್ಕಾಗಿಯೇ. ಕಾದಾಡಿ ಸತ್ತ ಗೂಳಿಯ ಮಾಂಸ ಮೆದುವಾಗುತ್ತದೆ ಎಂಬ ನಂಬಿಕೆಯೂ ಇತ್ತು. ನಾಯಿ ಬಿಡಿಸದೆ ಗೂಳಿ ಕಡಿದ ಕಟುಕನಿಗೆ ದಂಡ ಹಾಕುವ ನಿಯಮ ಕೆಲವು ಪಟ್ಟಣಗಳಲ್ಲಿ ಜಾರಿಯಲ್ಲಿತ್ತು.

ಮಸೂದೆಯನ್ನು ಉರುಳಿಸಿದವರಲ್ಲಿ ಮುಂದಾಳು ವಿಲಿಯಂ ವಿಂಡಮ್. ಆಗ ಯುದ್ಧಖಾತೆ ಅವನ ಕೈಯಲ್ಲಿತ್ತು. ಅವನು ಕ್ರೌರ್ಯವನ್ನು ಹೊಗಳಲಿಲ್ಲ. ಅವನ ವಾದ ಅದಕ್ಕಿಂತ ಚುರುಕಾಗಿತ್ತು. ಸಿರಿವಂತರು ಕುದುರೆ ಏರಿ, ನಾಯಿಪಡೆ ಕಟ್ಟಿಕೊಂಡು ನರಿಯನ್ನೂ ಜಿಂಕೆಯನ್ನೂ ಅಟ್ಟಿಸಿ ಕೊಲ್ಲುತ್ತಾರೆ. ಅದು ಸಂಭಾವಿತರ ಕ್ರೀಡೆ. ವರ್ಷಕ್ಕೊಮ್ಮೆ ಬಡವ ಒಂದು ಗೂಳಿಯ ಸುತ್ತ ನಿಂತು ಕೇಕೆ ಹಾಕಿದರೆ ಮಾತ್ರ ಅನಾಗರಿಕತೆಯೆ? 1802ರಲ್ಲಿ ಇಂಥದೇ ಮಸೂದೆ ಮತ್ತೆ ಬಂದಾಗ ಅವನು ಇನ್ನೂ ಮುಂದೆ ಹೋಗಿ, ಮೆಥಡಿಸ್ಟ್ ಧರ್ಮನಿಷ್ಠರೂ ಜಾಕೊಬಿನ್ ಕ್ರಾಂತಿಕಾರಿಗಳೂ ಒಂದಾಗಿ ಜನಸಾಮಾನ್ಯರ ಸಂತೋಷ ಕಸಿಯಲು ಹೊರಟಿದ್ದಾರೆ ಎಂದ. ಆ ಮಸೂದೆಯೂ ಬಿತ್ತು. ವಿಂಡಮ್‌ನ ಪ್ರಶ್ನೆ ಮಾತ್ರ ಬೀಳಲಿಲ್ಲ. ಮುಂದಿನ ಇನ್ನೂರು ವರ್ಷಗಳ ಈ ಕತೆಯಲ್ಲಿ ಅದು ಪದೇ ಪದೇ ತಲೆ ಎತ್ತುತ್ತದೆ.

ಅಷ್ಟರವರೆಗೂ ಕಾನೂನಿನ ಕಣ್ಣಿಗೆ ಪ್ರಾಣಿ ಎಂದರೆ ಒಂದು ಸ್ವತ್ತು. ಪಕ್ಕದವನ ಎತ್ತಿನ ಕಾಲು ಮುರಿದರೆ ಅಪರಾಧ, ಏಕೆಂದರೆ ಪಕ್ಕದವನಿಗೆ ನಷ್ಟವಾಯಿತು. ತನ್ನದೇ ಎತ್ತಿನ ಕಾಲು ಮುರಿದವನನ್ನು ಕೇಳುವವರಿಲ್ಲ. ಎತ್ತಿಗಾದ ನೋವು ಈ ಲೆಕ್ಕದಲ್ಲಿ ಎಲ್ಲಿಯೂ ಬರುತ್ತಿರಲಿಲ್ಲ. ಈ ನಿಲುವನ್ನು ಅಲ್ಲಾಡಿಸುವ ಯೋಚನೆಗಳು 18ನೇ ಶತಮಾನದ ಕೊನೆಯಲ್ಲಿ ಶುರುವಾಗಿದ್ದವು. 1776ರಲ್ಲಿ ಹಂಫ್ರಿ ಪ್ರಿಮಟ್ ಎಂಬ ಪಾದ್ರಿ, ನೋವು ಯಾರಿಗಾದರೂ ನೋವೇ, ಮನುಷ್ಯನಿಗಾಗಲಿ ಮೃಗಕ್ಕಾಗಲಿ ಎಂದು ಒಂದು ಪುಸ್ತಕವನ್ನೇ ಬರೆದ. 1789ರಲ್ಲಿ ಜೆರೆಮಿ ಬೆಂಥಮ್, ಪ್ರಾಣಿಗೆ ಬುದ್ಧಿಯಿದೆಯೆ ಮಾತಿದೆಯೆ ಎಂದು ವಿಚಾರಿಸುವುದು ಬಿಟ್ಟು, ಅದು ನೋಯುತ್ತದೆಯೆ ಎಂದು ಕೇಳಿ ಎಂದ. ಪುಸ್ತಕದ ಮಾತು ಶಾಸನದ ಮಾತಾಗಬೇಕಾದರೆ ನಗುವನ್ನೂ ಸೋಲನ್ನೂ ನುಂಗಿಕೊಳ್ಳಬಲ್ಲ ಜನ ಬೇಕಿತ್ತು.

ಅಂಥವರಲ್ಲಿ ಮೊದಲಿಗ ಲಾರ್ಡ್ ಅರ್ಸ್ಕಿನ್. ದೇಶದ ಮಾಜಿ ಲಾರ್ಡ್ ಚಾನ್ಸಲರ್, ಆ ಕಾಲದ ಹೆಸರಾಂತ ವಕೀಲ. ಅವನ ಬಗ್ಗೆ ಹೇಳುವ ಒಂದು ಪ್ರಸಂಗವಿದೆ. ಹ್ಯಾಂಪ್‌ಸ್ಟೆಡ್ ಬಯಲಿನಲ್ಲಿ ಒಬ್ಬ ತನ್ನ ಬಡಕಲು ಕುದುರೆಯನ್ನು ಬಡಿಯುತ್ತಿದ್ದನಂತೆ. ಅರ್ಸ್ಕಿನ್ ತಡೆದಾಗ, ನನ್ನ ಕುದುರೆ ನನ್ನಿಷ್ಟ ಎಂದನಂತೆ. ಹಾಗಾದರೆ ಈ ಕೋಲು ನನ್ನದು, ಇದೂ ನನ್ನಿಷ್ಟ ಎಂದು ಅರ್ಸ್ಕಿನ್ ಅವನ ಬೆನ್ನಿಗೇ ಬಾರಿಸಿದನಂತೆ. 1809ರಲ್ಲಿ ಅವನು ತಂದ ಮಸೂದೆ ಗೂಳಿಯಾಟಕ್ಕಷ್ಟೇ ಸೀಮಿತವಾಗಿರಲಿಲ್ಲ; ದುಡಿಯುವ ಎಲ್ಲ ಪ್ರಾಣಿಗಳನ್ನೂ ಬೇಕಂತಲೇ ಹಿಂಸಿಸುವುದನ್ನು ಅಪರಾಧವಾಗಿಸುತ್ತಿತ್ತು. ಮೇಲ್ಮನೆ ಒಪ್ಪಿತು. ಕೆಳಮನೆಯಲ್ಲಿ ವಿಂಡಮ್ ಮತ್ತೆ ಎದ್ದು ನಿಂತ, ಮಸೂದೆ ಮತ್ತೆ ಸತ್ತಿತು.

ಹದಿಮೂರು ವರ್ಷಗಳ ನಂತರ ಈ ಕೆಲಸ ಪೂರೈಸಿದವನು ದಯಾಮೂರ್ತಿಯ ಪಡಿಯಚ್ಚಿಗೆ ಸುತರಾಂ ಹೊಂದದ ಆಸಾಮಿ. ರಿಚರ್ಡ್ ಮಾರ್ಟಿನ್ 1754ರಲ್ಲಿ ಹುಟ್ಟಿದ ಐರಿಷ್ ಜಮೀನ್ದಾರ. ಐರ್ಲೆಂಡಿನ ಪಶ್ಚಿಮದಂಚಿನ ಕಾನಮರಾದಲ್ಲಿ ಎರಡು ಲಕ್ಷ ಎಕರೆಯ ಒಡೆಯ. ಜವುಗು, ಬಂಡೆ, ಕೆರೆಗಳೇ ಹೆಚ್ಚಿದ್ದ ಆ ನೆಲದಿಂದ ಹುಟ್ಟುವಳಿ ಕಮ್ಮಿ, ಸಾಲ ಹೆಚ್ಚು. ಮಾತು ಒರಟು, ಕೋಪ ಮೂಗಿನ ತುದಿಯಲ್ಲಿ, ದ್ವಂದ್ವಯುದ್ಧಕ್ಕೆ ಸದಾ ಸಿದ್ಧ. ಜಾರ್ಜ್ ರಾಬರ್ಟ್ ಫಿಟ್ಜ್‌ಜೆರಾಲ್ಡ್ ಎಂಬ ಕುಖ್ಯಾತ ಜಗಳಗಂಟ ಬೇರೊಬ್ಬ ಶ್ರೀಮಂತನ ಮನೆಯ ತೋಳಬೇಟೆ ನಾಯಿಯನ್ನು ಗುಂಡಿಟ್ಟು ಕೊಂದಾಗ, ಮಾರ್ಟಿನ್ ಆ ವೈರಕ್ಕೆ ಪಿಸ್ತೂಲು ಹಿಡಿದೇ ಲೆಕ್ಕ ಚುಕ್ತಾ ಮಾಡಲು ಹೋಗಿದ್ದ. ಜನರ ಮೇಲೆ ಪಿಸ್ತೂಲು ಎತ್ತುವ ನೀನು ಎತ್ತುಗಳ ಪರ ಯಾಕೆ ನಿಂತೆ ಎಂದು ಯಾರೋ ಕೇಳಿದರಂತೆ. ಎತ್ತು ಪಿಸ್ತೂಲು ಹಿಡಿಯಲಾರದಲ್ಲ ಎಂದನಂತೆ ಮಾರ್ಟಿನ್. ಅವನು ನಿಜಕ್ಕೂ ಹಾಗೆಂದನೋ ಇಲ್ಲವೋ, ಅವನ ನಿಲುವು ಅದೇ ಆಗಿತ್ತು. ತಿರುಗಿ ಹೊಡೆಯಲಾಗದ ಕ್ಯಾಥೊಲಿಕರ ಪರವಾಗಿ, ನೇಣಿಗೆ ಹೊರಟ ಆರೋಪಿಗೂ ವಕೀಲ ಸಿಗಬೇಕು ಎಂಬ ಬೇಡಿಕೆಯ ಪರವಾಗಿ ಅವನು ಪಾರ್ಲಿಮೆಂಟಿನಲ್ಲಿ ಮಾತಾಡುತ್ತಿದ್ದ. ದೊರೆ ನಾಲ್ಕನೇ ಜಾರ್ಜ್ ಅವನಿಗಿಟ್ಟ ಅಡ್ಡಹೆಸರು ಹ್ಯುಮ್ಯಾನಿಟಿ ಡಿಕ್.

1821ರಲ್ಲಿ ಮಾರ್ಟಿನ್ ತನ್ನ ಮಸೂದೆ ತಂದಾಗ ಕತ್ತೆಯನ್ನೂ ಪಟ್ಟಿಗೆ ಸೇರಿಸಿ ಎಂಬ ಸಲಹೆ ಬಂತು. ಸಭೆ ಗೊಳ್ಳೆಂದು ನಕ್ಕಿತು. ಇಂದು ಕತ್ತೆ, ನಾಳೆ ನಾಯಿ, ನಾಡಿದ್ದು ಬೆಕ್ಕು ಎಂಬ ಕುಹಕದ ನಡುವೆ ವರದಿಗಾರರಿಗೆ ಭಾಷಣವೇ ಸರಿಯಾಗಿ ಕೇಳಿಸಲಿಲ್ಲವಂತೆ. ಕೆಳಮನೆ ಹೇಗೋ ದಾಟಿದ ಮಸೂದೆಗೆ ಈ ಸಲ ಮೇಲ್ಮನೆ ಅಡ್ಡ ನಿಂತಿತು. ಮರುವರ್ಷ ಮಾರ್ಟಿನ್ ಜಾಣನಾದ. ಬೇಟೆಯ ಮಾತೆತ್ತಲಿಲ್ಲ, ಗೂಳಿಯಾಟದ ಹೆಸರು ಹೇಳಲಿಲ್ಲ. ಕುದುರೆ, ಹೇಸರಗತ್ತೆ, ಕತ್ತೆ, ಎತ್ತು, ಹಸು, ಕುರಿ ಮತ್ತಿತರ ದನಗಳು ಎಂದಷ್ಟೇ ಬರೆದ. ಮೇಲ್ಮನೆಯಲ್ಲಿ ಮುಪ್ಪಿನ ಅರ್ಸ್ಕಿನ್ ಬೆನ್ನಿಗೆ ನಿಂತ. 1822ರ ಜುಲೈ 22ರಂದು ಮಸೂದೆಗೆ ರಾಜಮುದ್ರೆ ಬಿತ್ತು. ಈ ಪ್ರಾಣಿಗಳನ್ನು ಬೇಕೆಂದೇ ಕ್ರೂರವಾಗಿ ಹೊಡೆದವನಿಗೆ 10 ಶಿಲ್ಲಿಂಗ್‌ನಿಂದ 5 ಪೌಂಡ್‌ವರೆಗೆ ದಂಡ. ಕಟ್ಟದಿದ್ದರೆ ಮೂರು ತಿಂಗಳವರೆಗೆ ಸೆರೆ. ಗಾಡಿ ಹೊಡೆದು ಬದುಕುವವನಿಗೆ 5 ಪೌಂಡ್ ಎಂದರೆ ಹಲವು ವಾರಗಳ ಕೂಲಿ. ಯಾರು ಬೇಕಾದರೂ ಮ್ಯಾಜಿಸ್ಟ್ರೇಟನ ಮುಂದೆ ಹೋಗಿ ದೂರು ಕೊಡಬಹುದಿತ್ತು. ಪ್ರಾಣಿಯ ಒಡೆಯನೇ ಆಗಬೇಕಿರಲಿಲ್ಲ. ನನ್ನ ಕುದುರೆ ನನ್ನಿಷ್ಟ ಎಂಬ ಹಳೆಯ ಮಾತಿಗೆ ಇಲ್ಲಿ ಮೊದಲ ಪೆಟ್ಟು ಬಿತ್ತು.

ಕಾಗದದ ಮೇಲಿನ ಕಾನೂನನ್ನು ಬೀದಿಗಿಳಿಸಿದವನೂ ಮಾರ್ಟಿನ್ನೇ. ಆಗ ಲಂಡನ್ನಿನ ದನದ ಸಂತೆ ನಗರದ ನಟ್ಟನಡುವೆ ಸ್ಮಿತ್‌ಫೀಲ್ಡ್‌ನಲ್ಲಿ ನಡೆಯುತ್ತಿತ್ತು. ದೂರದೂರದಿಂದ ನಡೆಸಿಕೊಂಡು ಬಂದ ದನಕುರಿಗಳನ್ನು ಇಕ್ಕಟ್ಟಾದ ಬೀದಿಗಳಲ್ಲಿ ಮೊನೆಗೋಲಿನಿಂದ ತಿವಿದು, ಬಡಿದು ಸಂತೆಗೆ ನೂಕುತ್ತಿದ್ದರು. ಅರುವತ್ತೆಂಟರ ಮಾರ್ಟಿನ್ ಖುದ್ದಾಗಿ ಸಂತೆ ಸುತ್ತಿದ. ಹೊಡೆಯುವವರನ್ನು ಹಿಡಿದು ಕಟಕಟೆಗೆ ತಂದ. ಕುದುರೆ ಬಡಿದ ಇಬ್ಬರಿಗೆ ತಲಾ 20 ಶಿಲ್ಲಿಂಗ್ ದಂಡ ಬಿದ್ದದ್ದು ಮೊದಮೊದಲ ಪ್ರಕರಣಗಳಲ್ಲೊಂದು. ಬಿಲ್ ಬರ್ನ್ಸ್ ಎಂಬ ತರಕಾರಿ ವ್ಯಾಪಾರಿಯ ಮೊಕದ್ದಮೆಯಲ್ಲಿ ಮಾರ್ಟಿನ್ ಗಾಯಗೊಂಡ ಕತ್ತೆಯನ್ನೇ ನ್ಯಾಯಾಲಯದೊಳಗೆ ನಡೆಸಿಕೊಂಡು ಬಂದು ಸಾಕ್ಷಿಯಾಗಿ ನಿಲ್ಲಿಸಿದ ಎಂಬ ಕತೆ ಜನಪ್ರಿಯವಾಯಿತು. ಅದರ ಮೇಲೆ ಹಾಡು ಕಟ್ಟಿದರು, 1838ರಲ್ಲಿ ಚಿತ್ರವನ್ನೂ ಬರೆದರು. ಪತ್ರಿಕೆಗಳು ಮಾರ್ಟಿನ್‌ಗೆ ಕತ್ತೆಕಿವಿ ಬರೆದು ಗೇಲಿ ಮಾಡಿದವು. ಶಿಕ್ಷೆಯಾದವನು ತೀರಾ ಬಡವನೆಂದು ಕಂಡರೆ ಅವನ ದಂಡದಲ್ಲಿ ಒಂದು ಪಾಲನ್ನು ಮಾರ್ಟಿನ್ನೇ ಕಟ್ಟುತ್ತಿದ್ದನೆಂದೂ ಹೇಳುತ್ತಾರೆ. ಕಾನೂನಿನ ಏಟು ಯಾರ ಬೆನ್ನಿಗೆ ಬೀಳುತ್ತಿದೆ ಎಂಬ ಅರಿವು ಅವನಿಗೆ ಇದ್ದಿರಬೇಕು.

ಒಬ್ಬ ಮುದುಕ ಎಷ್ಟು ಸಂತೆ ಸುತ್ತಿಯಾನು? 1824ರ ಜೂನ್ 16ರಂದು ಲಂಡನ್ನಿನ ಓಲ್ಡ್ ಸ್ಲಾಟರ್ಸ್ ಕಾಫಿ ಹೌಸ್‌ನಲ್ಲಿ ಒಂದು ಸಭೆ ಸೇರಿತು. ಕರೆದವನು ಆರ್ಥರ್ ಬ್ರೂಮ್ ಎಂಬ ಪಾದ್ರಿ. ಪ್ರಿಮಟ್‌ನ ಪುಸ್ತಕವನ್ನು ಸಂಗ್ರಹಿಸಿ ಮತ್ತೆ ಅಚ್ಚು ಹಾಕಿಸಿದ್ದವನು. ಬಂದವರಲ್ಲಿ ಮಾರ್ಟಿನ್, ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ್ದ ವಿಲಿಯಂ ವಿಲ್ಬರ್‌ಫೋರ್ಸ್, ಅದೇ ಹೋರಾಟದ ಥಾಮಸ್ ಫೋವೆಲ್ ಬಕ್ಸ್‌ಟನ್, ಯೆಹೂದಿ ಸಂಶೋಧಕ ಲೂಯಿಸ್ ಗಾಂಪರ್ಟ್ಸ್ ಇದ್ದರು. ಪ್ರಾಣಿಹಿಂಸೆ ತಡೆಯುವ ಸಂಘ ಅಲ್ಲಿ ಹುಟ್ಟಿತು. ಬ್ರೂಮ್ ತನ್ನ ಚರ್ಚಿನ ಹುದ್ದೆಯನ್ನೇ ಬಿಟ್ಟು ಕಾರ್ಯದರ್ಶಿಯಾದ. ಸಂತೆಗಳ ಮೇಲೆ ಕಣ್ಣಿಡಲು ಸಂಬಳದ ಆಳುಗಳನ್ನು ನೇಮಿಸಿದ. ಮೊದಲ ವರ್ಷವೇ 63 ಮಂದಿ ಕಟಕಟೆ ಹತ್ತಿದರು.

ಮೊಕದ್ದಮೆ ಹೂಡಲು ಹಣ ಬೇಕು. ಚಂದಾ ಬರುವುದಕ್ಕಿಂತ ಖರ್ಚು ಬೇಗ ಬೆಳೆಯಿತು. 1826ರಲ್ಲಿ ಸಂಘದ ಸಾಲಕ್ಕಾಗಿ ಬ್ರೂಮ್ ಜೈಲು ಸೇರಿದ. ಮಾರ್ಟಿನ್ ಮತ್ತು ಗಾಂಪರ್ಟ್ಸ್ ಹಣ ಕೂಡಿಸಿ ಬಿಡಿಸಿಕೊಂಡು ಬಂದರೂ ಆ ಪಾದ್ರಿ ಮತ್ತೆ ಚೇತರಿಸಿಕೊಳ್ಳಲಿಲ್ಲ. 1837ರಲ್ಲಿ ಅಜ್ಞಾತನಾಗಿ ತೀರಿಕೊಂಡ. ಮಾರ್ಟಿನ್‌ನ ಗತಿಯೂ ಇಂಥದೇ. 1826ರ ಚುನಾವಣೆಯ ಅಕ್ರಮದ ದೂರಿನಿಂದ ಮರುವರ್ಷ ಅವನ ಸ್ಥಾನ ಹೋಯಿತು. ಸದಸ್ಯತ್ವದ ಜೊತೆಗೆ, ಸಾಲಕ್ಕಾಗಿ ಬಂಧನವಾಗದಂತೆ ಅದು ಕೊಡುತ್ತಿದ್ದ ರಕ್ಷಣೆಯೂ ಹೋಯಿತು. ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳಲು ಕಡಲು ದಾಟಿ ಫ್ರಾನ್ಸಿನ ಬುಲೋನ್ ಸೇರಿದ. 1834ರ ಜನವರಿಯಲ್ಲಿ ಅಲ್ಲೇ ಸತ್ತ.

ಸಂಘವನ್ನು ಮುಳುಗದಂತೆ ಹಿಡಿದವನು ಗಾಂಪರ್ಟ್ಸ್. ಅವನ ನಿಷ್ಠೆ ಉಳಿದವರಿಗೆ ದಿಗಿಲು ಹುಟ್ಟಿಸುವಂಥದು. ಮಾಂಸವಿರಲಿ, ಹಾಲು ಮೊಟ್ಟೆಯನ್ನೂ ಮುಟ್ಟುತ್ತಿರಲಿಲ್ಲ, ಚರ್ಮ, ರೇಷ್ಮೆ ತೊಡುತ್ತಿರಲಿಲ್ಲ, ಕುದುರೆಗಾಡಿ ಹತ್ತುತ್ತಿರಲಿಲ್ಲ. ಕುದುರೆ ಬೇಡದ ವಾಹನಕ್ಕಾಗಿ, ಆಗಿನ ಎರಡು ಚಕ್ರದ ಸೈಕಲ್ ಮಾದರಿಗೆ ಕೈಯಿಂದ ತಿರುಗಿಸುವ ಯಂತ್ರ ಜೋಡಿಸಿದ್ದ. ದನ ಕಡಿಯುವುದು ಸರಿ, ಹೊಡೆಯುವುದು ತಪ್ಪು ಎಂಬ ಸಂಘದ ನಡುದಾರಿ ಅವನಿಗೆ ಒಗ್ಗುವಂತಿರಲಿಲ್ಲ. ಅವನ ಆಹಾರಕ್ರಮ ಕ್ರೈಸ್ತವಿರೋಧಿ ಎಂಬ ಪಿಸುಮಾತು ಎದ್ದಿತು. 1832ರಲ್ಲಿ ಸಂಘ ತಾನು ಕ್ರೈಸ್ತ ಧರ್ಮದ ತಳಹದಿಯ ಮೇಲೆ ನಡೆಯುತ್ತೇನೆಂದು ಘೋಷಿಸಿದಾಗ, ಯೆಹೂದಿಯಾದ ಗಾಂಪರ್ಟ್ಸ್ ಹೊರನಡೆದು ಬೇರೆ ಸಂಘ ಕಟ್ಟಿದ. ಸ್ಥಾಪಕರಲ್ಲಿ ಇಬ್ಬರು ಸಾಲಕ್ಕೆ ಬಲಿ, ಒಬ್ಬ ಧರ್ಮಕ್ಕೆ. ಅವರು ನಿರ್ಗಮಿಸಿದ ಮೇಲೆಯೇ ಸಂಘಕ್ಕೆ ಯೋಗ ಕೂಡಿಬಂತು. 1835ರಲ್ಲಿ ರಾಜಕುಮಾರಿ ವಿಕ್ಟೋರಿಯಾ ಪೋಷಕಿಯಾದಳು. ರಾಣಿಯಾದ ಮೇಲೆ 1840ರಲ್ಲಿ ರಾಯಲ್ ಎಂಬ ಬಿರುದು ಕೊಟ್ಟಳು. ಈಗ ಜಗತ್ತು ಅದನ್ನು ಆರ್‌ಎಸ್‌ಪಿಸಿಎ ಎಂದು ಬಲ್ಲದು.

ಗೂಳಿಯ ಕತೆ ಏನಾಯಿತು? ಮಾರ್ಟಿನ್ ಕಾಯ್ದೆಯ 'ಮತ್ತಿತರ ದನಗಳು' ಎಂಬ ಮಾತಿನಲ್ಲಿ ಗೂಳಿಯೂ ಅಡಗಿದೆ ಎಂಬುದು ಸಂಘದ ವಾದ. 1827ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಅದಕ್ಕೂ ಮೊದಲು ಮಾರ್ಟಿನ್ ತಂದಿದ್ದ ತಿದ್ದುಪಡಿಗಳೆಲ್ಲ ಬಿದ್ದಿದ್ದವು. ಕೊನೆಗೆ 1835ರಲ್ಲಿ ಕ್ವೇಕರ್ ಪಂಥದ ಜೋಸೆಫ್ ಪೀಸ್ ಮಂಡಿಸಿದ ಮಸೂದೆ ಕಾನೂನಾಗಿ, ಗೂಳಿ, ಕರಡಿಗಳ ಮೇಲೆ ನಾಯಿ ಬಿಡುವುದು, ನಾಯಿಕಾಳಗ, ಕೋಳಿ ಅಂಕಗಳಿಗೆ ಜಾಗ ನಡೆಸುವುದು ನಿಷಿದ್ಧವಾಯಿತು. ಪುಲ್ಟೆನಿ ಎರಡು ಮತಗಳಿಂದ ಸೋತು ಮೂವತ್ತೈದು ವರ್ಷಗಳಾಗಿದ್ದವು.

ಊರುಗಳು ಸುಲಭಕ್ಕೆ ಮಣಿಯಲಿಲ್ಲ. ಸ್ಟ್ಯಾಮ್‌ಫರ್ಡ್ ಪಟ್ಟಣದಲ್ಲಿ ಪ್ರತಿ ನವೆಂಬರ್ 13ರಂದು ಬೀದಿಯಲ್ಲಿ ಗೂಳಿ ಓಡಿಸುವ ಹಬ್ಬ. ಇಲ್ಲಿ ಗೂಟವಿಲ್ಲ, ಕಟ್ಟಿಹಾಕುವುದಿಲ್ಲ, ಆದ್ದರಿಂದ ಕಾನೂನು ತಗಲುವುದಿಲ್ಲ ಎಂದು ಊರವರು ಪಟ್ಟು ಹಿಡಿದರು. ಲಂಡನ್ನಿನವರು ಬಂದು ನಮ್ಮ ಹಬ್ಬಕ್ಕೆ ಕೈಹಾಕುವುದೇ ಎಂಬ ರೋಷ ಬೇರೆ. 1838 ಮತ್ತು 1839ರಲ್ಲಿ ಪೊಲೀಸರ ಜೊತೆ ಕುದುರೆ ಸವಾರ ಸೈನಿಕರೂ ಬಂದರು. ಆದರೂ ಗೂಳಿ ಓಡಿತು. ಬಂದೋಬಸ್ತಿನ ಖರ್ಚು ಊರಿನ ತಲೆಗೇ ಬಂದಾಗ ಹಬ್ಬದ ಮುಖಂಡರು ಯೋಚಿಸತೊಡಗಿದರು. 1840ರಲ್ಲಿ ಊರವರೇ ಒಪ್ಪಂದ ಮಾಡಿಕೊಂಡು ಹಬ್ಬ ನಿಲ್ಲಿಸಿದರು. ಸಂಘದ ಉಪದೇಶ ಮಾಡಲಾಗದ್ದನ್ನು ತೆರಿಗೆಯ ಭಾರ ಮಾಡಿತು.

ಇದೆಲ್ಲ ಯಾಕಾಗಿ ನಡೆಯಿತು ಎಂಬ ಬಗ್ಗೆ ಇತಿಹಾಸಕಾರರು ಒಂದೇ ಮಾತು ಹೇಳುವುದಿಲ್ಲ. ಕೀತ್ ಥಾಮಸ್ ಇದರ ಬೇರುಗಳನ್ನು ಎರಡು ಶತಮಾನ ಹಿಂದಕ್ಕೆ ಒಯ್ಯುತ್ತಾರೆ: ನಗರ ಬೆಳೆದಂತೆ ದುಡಿಯುವ ಪ್ರಾಣಿಯಿಂದ ದೂರವಾದ ಜನ ಮನೆಯೊಳಗಿನ ಸಾಕುಪ್ರಾಣಿಯ ಕಣ್ಣಿನಿಂದ ಉಳಿದವನ್ನೂ ನೋಡತೊಡಗಿದರು. ರಾಬರ್ಟ್ ಮ್ಯಾಲ್ಕಮ್‌ಸನ್ ಅವರಂಥವರು ಒತ್ತುಕೊಡುವುದು ಬೇರೆ ಕಡೆಗೆ: ಕಾರ್ಖಾನೆಯ ಯುಗಕ್ಕೆ ಶಿಸ್ತಿನ ಕೂಲಿಗಳು ಬೇಕಿದ್ದರು, ಬೀದಿಯಲ್ಲಿ ಗುಂಪುಗೂಡಿ ಕುಡಿದು ಕೇಕೆ ಹಾಕುವ ಬಡವರ ಆಟಗಳು ಮೇಲಿನವರ ಕಣ್ಣಿಗೆ ಚುಚ್ಚುತ್ತಿದ್ದವು. ಎರಡೂ ನಿಜವಾಗಿರಲು ಅಡ್ಡಿಯಿಲ್ಲ. ಗೂಳಿಯ ನೋವಿಗೆ ಮರುಗಿದವರೂ ಗುಂಪಿನ ಗದ್ದಲಕ್ಕೆ ಹೆದರಿದವರೂ ಒಂದೇ ಮಸೂದೆಗೆ ಕೈ ಎತ್ತಿದ್ದರು. ನರಿಬೇಟೆಯ ತಂಟೆಗೆ ಮಾತ್ರ ಇಬ್ಬರೂ ಹೋಗಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಾಯಿಪಡೆ ಬಿಟ್ಟು ನರಿ ಬೇಟೆಯಾಡುವುದನ್ನು ನಿಷೇಧಿಸುವ ಕಾನೂನು ಬಂದದ್ದು 2004ರಲ್ಲಿ, ಅದೂ ಮೇಲ್ಮನೆಯ ಒಪ್ಪಿಗೆಯಿಲ್ಲದೆ. ಬಡವನ ಚಾಟಿಗೂ ಸಿರಿವಂತನ ಬೇಟೆಗೂ ನಡುವೆ 182 ವರ್ಷಗಳ ಅಂತರ.

ಮಾರ್ಟಿನ್ ಕಾಯ್ದೆಯ ಫಲ ಅನಿರೀಕ್ಷಿತ ಕಡೆಗಳಲ್ಲೂ ಬಿಟ್ಟಿತು. 1866ರಲ್ಲಿ ಹೆನ್ರಿ ಬರ್ಗ್ ನ್ಯೂಯಾರ್ಕಿನಲ್ಲಿ ಇಂಥದೇ ಸಂಘ ಕಟ್ಟಿದ. 1874ರಲ್ಲಿ ಮನೆಯಲ್ಲಿ ಚಿತ್ರಹಿಂಸೆ ಅನುಭವಿಸುತ್ತಿದ್ದ ಮೇರಿ ಎಲೆನ್ ಎಂಬ ಹುಡುಗಿಯನ್ನು ಬಿಡಿಸಲು ಜನ ಮೊರೆಹೋದದ್ದು ಅವನನ್ನೇ. ಆ ಪ್ರಕರಣದ ಬೆನ್ನಿಗೇ ಮಕ್ಕಳ ಮೇಲಿನ ಹಿಂಸೆ ತಡೆಯುವ ಸಂಘ ಹುಟ್ಟಿತು. ಬ್ರಿಟನ್ನಿನಲ್ಲಿ ಮಕ್ಕಳ ರಕ್ಷಣೆಯ ಕಾಯ್ದೆ ಬಂದದ್ದು 1889ರಲ್ಲಿ, ಎತ್ತು ಕತ್ತೆಗಳಿಗೆ ರಕ್ಷಣೆ ಸಿಕ್ಕ 67 ವರ್ಷಗಳ ಮೇಲೆ. ಒಡೆಯನ ಹಕ್ಕಿನ ಗೋಡೆ ಕೊಟ್ಟಿಗೆಯಲ್ಲಿ ಮೊದಲು ಬಿರುಕುಬಿಟ್ಟಿತು. ಮನೆಯೊಳಗಿನ ಗೋಡೆ ಆಮೇಲೆ.

ಭಾರತಕ್ಕೆ ಈ ಕಾನೂನು ಬಂದದ್ದು ಕಲ್ಕತ್ತೆಯ ಮೂಲಕ. ಪ್ರಾಣಿದಯೆಯ ಮಾತು ಇಲ್ಲಿಗೆ ಹೊಸದಾಗಿರಲಿಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ತಂದೆತಾಯಿಯರ ಸೇವೆ, ಸತ್ಯಗಳ ಜೊತೆಗೆ ಜೀವಿಗಳ ಮೇಲಿನ ದಯೆಯನ್ನೂ ಕೊರೆಸಿದ್ದ. ಅದು ಅರಸನ ಬುದ್ಧಿಮಾತು. ಈಗ ಬಂದದ್ದು ಪೊಲೀಸು, ದಂಡ, ಕಟಕಟೆಗಳ ದಯೆ. 1861ರಲ್ಲಿ ಕೋಲ್ಸ್‌ವರ್ದಿ ಗ್ರಾಂಟ್ ಎಂಬ ಚಿತ್ರಕಾರ ಕಲ್ಕತ್ತೆಯಲ್ಲಿ ಸಂಘ ಸ್ಥಾಪಿಸಿದ. 1869ರಲ್ಲಿ ಬಂಗಾಳಕ್ಕೆ, 1890ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಕಾಯ್ದೆ ಬಂತು. ಲಂಡನ್ನಿನಲ್ಲಿ ಆದಂತೆ ಇಲ್ಲೂ ಮೊದಲು ಸಿಕ್ಕಿಬಿದ್ದವರು ಗಾಡಿಯವರು. ಬೇಸಿಗೆಯ ನಡುಮಧ್ಯಾಹ್ನ ಮೂರು ಗಂಟೆ ಕಾಲ ಕೋಣದ ಗಾಡಿ ಹೂಡಬಾರದು ಎಂಬ ನಿಯಮದ ವಿರುದ್ಧ 1930ರ ಏಪ್ರಿಲ್‌ನಲ್ಲಿ ಕಲ್ಕತ್ತೆಯ ಗಾಡಿಯವರು ಗಾಡಿಗಳನ್ನೇ ಬೀದಿಗೆ ಅಡ್ಡ ನಿಲ್ಲಿಸಿ ಮುಷ್ಕರ ಹೂಡಿದರು. ಪೊಲೀಸರು ಗುಂಡು ಹಾರಿಸಿದರು, ಗಾಡಿಯವರು ಸತ್ತರು. ಕೋಣಕ್ಕೆ ಬಿಸಿಲಿನಿಂದ ಬಿಡುವು ಬೇಕೆಂಬುದು ನಿಜ. ಆ ಮೂರು ಗಂಟೆಯ ಕೂಲಿ ಕಳೆದುಕೊಂಡವನ ಒಲೆಯ ಚಿಂತೆ ನಿಯಮ ಬರೆದವರಿಗೆ ಇರಲಿಲ್ಲ.

ಸ್ವತಂತ್ರ ಭಾರತದಲ್ಲಿ ಈ ಹಳೆಯ ಕಾಯ್ದೆ ಸಾಲದೆಂದು ದನಿ ಎತ್ತಿದವರು ರಾಜ್ಯಸಭೆಗೆ ನಾಮಕರಣಗೊಂಡಿದ್ದ ನೃತ್ಯಗಾತಿ ರುಕ್ಮಿಣಿದೇವಿ ಅರುಂಡೇಲ್. 1953ರಲ್ಲಿ ಅವರು ಖಾಸಗಿ ಮಸೂದೆ ತಂದರು. ಸರ್ಕಾರವೇ ಕಾನೂನು ತರುತ್ತದೆ ಎಂದು ಪ್ರಧಾನಿ ನೆಹರೂ ಭರವಸೆ ಕೊಟ್ಟ ಮೇಲೆ ಹಿಂತೆಗೆದುಕೊಂಡರು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಅದರ ಫಲ. 1962ರಲ್ಲಿ ರಚನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಕಾಯ್ದೆ ನಾಯಿ ಬೆಕ್ಕುಗಳವರೆಗೆ, ಪ್ರಯೋಗಾಲಯದ ಪ್ರಾಣಿಗಳವರೆಗೆ ಕೈಚಾಚಿತು. ಮೊದಲ ತಪ್ಪಿಗೆ ದಂಡ ಮಾತ್ರ 10ರಿಂದ 50 ರೂಪಾಯಿ; ಅರುವತ್ತು ವರ್ಷ ಕಳೆದಾಗಲೂ ಪುಸ್ತಕದಲ್ಲಿದ್ದದ್ದು ಅದೇ ಮೊತ್ತ. 1822ರ ದಂಡ ಬಡವನ ಬೆನ್ನು ಮುರಿಯುವಷ್ಟಿತ್ತು. ಇದು ಯಾರಿಗೂ ತಾಗದಷ್ಟು ಸವೆಯಿತು.

ವಿಂಡಮ್‌ನ ಪ್ರಶ್ನೆ ನಮ್ಮ ಕರಾವಳಿಗೂ ಬಂತು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳನ್ನು ನಿಷೇಧಿಸಿತು. 2016ರ ಕೊನೆಯಲ್ಲಿ ಕರ್ನಾಟಕ ಹೈಕೋರ್ಟಿನ ಮಧ್ಯಂತರ ಆದೇಶದಿಂದ ಕಂಬಳವೂ ನಿಂತಿತು. ಪೇಟೆಯವರಿಗೆ ನಮ್ಮ ಕೋಣ, ನಮ್ಮ ಗದ್ದೆ, ನಮ್ಮ ದೈವ ಏನು ಗೊತ್ತು ಎಂದು ಜನ ಬೀದಿಗಿಳಿದರು. ಹಿಂದಿನ ಸ್ಟ್ಯಾಮ್‌ಫರ್ಡಿನವರ ರೋಷ ಇದಕ್ಕೆ ಹತ್ತಿರದ್ದು. ಆದರೆ ಇಲ್ಲಿನ ತಿರುವು ಬೇರೆ. 2017ರಲ್ಲಿ ರಾಜ್ಯ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೆ ಷರತ್ತಿನ ಅವಕಾಶ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಆಟ ಉಳಿಯಿತು, ಕೋಣಕ್ಕೆ ಅನಗತ್ಯ ನೋವು ಕೊಡಬಾರದು ಎಂಬ ಷರತ್ತನ್ನು ಹೊತ್ತುಕೊಂಡೇ ಉಳಿಯಿತು. ಕೋಣದ ನೋವು ನ್ಯಾಯಾಲಯದಲ್ಲಿ ವಾದಿಸಬೇಕಾದ ವಿಷಯ ಎಂಬುದನ್ನು ಆಟದ ಪರ ನಿಂತವರೂ ಒಪ್ಪಿಕೊಂಡಿದ್ದರು. 1800ರಲ್ಲಿ ವಿಂಡಮ್ ಒಪ್ಪಿರಲಿಲ್ಲ.

ಮಾರ್ಟಿನ್ ಕಾಯ್ದೆಯ ನಿಜವಾದ ಗಳಿಕೆ ಇಷ್ಟೇ, ಇದು ಸಣ್ಣದೇನಲ್ಲ: ಪ್ರಾಣಿಯ ನೋವಿಗೆ ಸಾಕ್ಷಿ ಹೇಳುವ ಹಕ್ಕು ದಾರಿಹೋಕನಿಗೂ ಸಿಕ್ಕಿತು. ಅದರ ಬಾಕಿಯೂ ಅಲ್ಲಿಂದಲೇ ಬಂದದ್ದು. ದಾರಿಯಲ್ಲಿ ಕಣ್ಣಿಗೆ ಬೀಳುವುದು ಗಾಡಿಯವನ ಚಾಟಿ, ಸಂತೆಯ ಮೊನೆಗೋಲು, ಹಬ್ಬದ ಗದ್ದಲ; ಬೇಲಿಯ ಒಳಗಿನ ಬೇಟೆ, ಬಾಗಿಲು ಮುಚ್ಚಿದ ಪ್ರಯೋಗಾಲಯ, ಸಾವಿರಾರು ಕೋಳಿಗಳನ್ನು ಅಲುಗಾಡಲಾಗದ ಪಂಜರಗಳಲ್ಲಿ ಸಾಕುವ ಶೆಡ್ಡು ಕಾಣುವುದಿಲ್ಲ. ಬಡವನ ಕೈಗೆ ಬೇಗ ತಲುಪಿದ ಕಾನೂನು ಇವುಗಳ ಬಾಗಿಲು ತಟ್ಟಲು ತಲೆಮಾರುಗಳನ್ನೇ ತೆಗೆದುಕೊಂಡಿದೆ. ಯಾರದೇ ಪ್ರಾಣಿದಯೆಯನ್ನು ಅಳೆಯುವುದಾದರೆ, ತಮಗೆ ಲಾಭವಿರುವ ಕಡೆಯ ನೋವನ್ನು ಅವರು ಎಷ್ಟು ಬೇಗ ಕಂಡರು ಎಂದು ನೋಡಬೇಕು. ಈ ಪರೀಕ್ಷೆಯಲ್ಲಿ ಇಂಗ್ಲೆಂಡ್ ಉತ್ತರ ಬರೆಯಲು 182 ವರ್ಷ ತೆಗೆದುಕೊಂಡಿತು. ನಮ್ಮ ಉತ್ತರಪತ್ರಿಕೆ ಇನ್ನೂ ನಮ್ಮ ಕೈಯಲ್ಲೇ ಇದೆ.